ಮೂರನೇ ತುಂಡು

ಮಾರ್ಚ್ ೩

ಗುಬ್ಬಿಗೆ,

ಕಾಗದ ಬರೆಯೋದಂದ್ರೆ ನನಗೆ ಆಗಿಬರಲ್ಲ ಅಂತ ಗೊತ್ತಿದ್ದೂ ಬರೆಸಿಬಿಟ್ಟೆಯಲ್ಲ! ಫೋನ್ ಎತ್ತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಾಲ್ಕನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ಕಷ್ಟಪಟ್ಟು ಓದು. ಹೊಸ ವರ್ಷಕ್ಕೇ ಬರೆಯಬೇಕಿತ್ತು, ಸಿಟ್ಟು ಬಿಡಲಿಲ್ಲ. ಮಂಡಿನೋವು ಹಾಗೇ ಇದೆ. ನಿನ್ನ ಹೆಂಡತಿ ಹೇಗಿದ್ದಾಳೆ?

ಅಮ್ಮ ತೀರಿಕೊಂಡ ವರ್ಷ ನಿನ್ನಣ್ಣ ನಮ್ಮಿಬ್ಬರಿಗೂ ಒಂದೊಂದು ಪೆನ್‌ಡ್ರೈವ್ ಕೊಟ್ಟು, ತಾನೂ ಒಂದು ಇಟ್ಟುಕೊಂಡಿದ್ದನಲ್ಲ, ಅಮ್ಮ ಹೊಲಿಗೆ ಮಿಷನ್ ತುಳಿಯುತ್ತಾ ನಮ್ಮನ್ನು ಬೈಯುವ ವಿಡಿಯೊ ಅಂತ? ಅಳು ಬರುತ್ತೆ ಅಂತ ನಾನು ಮುಟ್ಟಿರಲಿಲ್ಲ. ಮೊನ್ನೆ ಅಮ್ಮನ ದನಿ ನೆನಪು ಮಾಡಿಕೊಳ್ಳೋಣ ಅಂತ ಕೂತರೆ ಬರಲೇ ಇಲ್ಲ ಕಣೋ. ಗಾಬರಿಯಾಯಿತು. ನನ್ನದನ್ನೂ, ನಿನ್ನಣ್ಣ ಸತ್ತಮೇಲೆ ಅವನ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನೂ ಹಿಡಿದುಕೊಂಡು ಕೆಳಗಿನ ಜೆರಾಕ್ಸ್ ಅಂಗಡಿಗೆ ಹೋದೆ.

"ಅಜ್ಜಿ, ಯಾವುದರಲ್ಲೂ ಪೂರ್ತಿ ವಿಡಿಯೊ ಇಲ್ಲ. ಫೈಲನ್ನ ಹಿಂಡಿ ಚಿಕ್ಕದು ಮಾಡಿ, ಮೂರು ತುಂಡು ಮಾಡಿದಾರೆ. ಮೂರನೇದು ಸೇರದೆ ಬಿಚ್ಕೊಳ್ಳಲ್ಲ" ಅಂದಳು ಅಂಗಡಿಯವಳು.

"ಬಿಚ್ಚೋ ಸಾಫ್ಟ್‌ವೇರಿಗೆ ಎಷ್ಟಮ್ಮ?"

"ಪುಕ್ಕಟೆ ಅಜ್ಜಿ. ಯಾರು ಬೇಕಾದ್ರೂ ಇಳಿಸ್ಕೋಬಹುದು."

"ಪುಕ್ಕಟೆ ಬಂದಿದ್ದಕ್ಕೆ ಇಷ್ಟು ಕೊಬ್ಬಾ?" ಅಂದೆ. ನಕ್ಕಳು. ನನಗೆ ನಗು ಬರಲಿಲ್ಲ.

ಕೊಡುವಾಗ ನಿನ್ನಣ್ಣ "ಒಬ್ಬೊಬ್ಬರೇ ನೋಡೋ ಹಾಗಿಲ್ಲ, ಮೂವರೂ ಕೂತು ನೋಡೋಣ" ಅಂದಿದ್ದ. ತಮಾಷೆ ಅಂದುಕೊಂಡಿದ್ದೆ. ಕೂರುವುದಕ್ಕೆ ಮುಂಚೆ ಅವನೇ ಎದ್ದು ಹೋದ.

ಅವನ ಹೆಣದ ಮುಂದೆ ನೀನು "ಆಸ್ಪತ್ರೆಗೆ ಸೇರಿಸಿದ್ದನ್ನ ನನ್ನಿಂದ ಯಾಕೆ ಮುಚ್ಚಿಟ್ಟೆ" ಅಂತ ಕೂಗಾಡಿದೆ. ನಾನು ಬಾಗಿಲು ತೋರಿಸಿದೆ. ಮುಚ್ಚಿಡು ಅಂದವನು ಅವನೇ ಕಣೋ. ಇರಲಿ. ಮೂರನೇ ತುಂಡನ್ನು ಮೇಲ್‌ನಲ್ಲಿ ಕಳಿಸಬಹುದಂತೆ. ಅಂಗಡಿಯವಳ ವಿಳಾಸ ಕಾಗದದ ಹಿಂದಿದೆ. ಕಳಿಸು ಸಾಕು, ನೀನೇನೂ ಬರಬೇಕಾಗಿಲ್ಲ.

ಗಂಡ ಹೆಂಡತಿ ತಣ್ಣಗಿರಿ, ನೂರು ಕಾಲ ಬಾಳಿ.

ಅಕ್ಕ

ಮತ್ತೆ: ಮೇಲ್‌ನಲ್ಲಿ ಕಳಿಸು ಅಂತ ಬರೆದದ್ದನ್ನು ಹೊಡೆದುಹಾಕು. ಕಳಿಸಬೇಡ. ಅಂಗಡಿಯ ಸ್ಟೂಲಿನ ಮೇಲೆ ಒಬ್ಬಳೇ ಕೂತು ಅಮ್ಮನ ಹತ್ತಿರ ಬೈಸಿಕೊಳ್ಳಲಾರೆ. ಅವಳು ನನ್ನನ್ನು 'ಮೊಂಡಿ' ಅಂತ ಕರೆಯುತ್ತಿದ್ದಳು. ಈಗ ಆ ಹೆಸರು ಗೊತ್ತಿರುವವನು ನೀನೊಬ್ಬನೇ, ಇಲ್ಲಿ ಎಲ್ಲರಿಗೂ ನಾನು ಬರೀ ಅಜ್ಜಿ. ತುಂಡನ್ನು ಜೇಬಿಗೆ ಹಾಕಿಕೊಂಡು ನೀನೇ ಬಾ. ಬರ್ತೀಯೋ ಇಲ್ಲವೋ, ಹದಿನೈದನೇ ತಾರೀಕಿನೊಳಗೆ ಹೇಳು.