ದೂರು ಪೆಟ್ಟಿಗೆ

ಫೆಬ್ರವರಿ 3, ಸೋಮವಾರ

ಮತ್ತೆ ಪ್ರಾಂಪ್ಟಿಂಗ್. ಮೂರನೇ ವಾರ. ಪರದೆಯ ಪಕ್ಕ ಸ್ಟೂಲ್ ಹಾಕಿಕೊಂಡು, ಸ್ಕ್ರಿಪ್ಟ್ ಹಿಡಿದು, ಪುಟ್ಟಿ ಮರೆತ ಮಾತನ್ನು ಪಿಸುಗುಟ್ಟುವುದು. ಅವಳು ಮರೆಯುವುದೂ ಇಲ್ಲ. ನನ್ನ ಕರ್ಮ.

ಚಿಕ್ಕಮ್ಮನ ಮಗಳು. ನನಗಿಂತ ಏಳು ತಿಂಗಳು ಚಿಕ್ಕವಳು. ಕಾಲೇಜಿಗೆಂದು ನಮ್ಮ ಮನೆಗೆ ಬಂದಳು. ನನ್ನ ಕೋಣೆ ಹೋಯಿತು, ಕಪಾಟು ಅರ್ಧ ಹೋಯಿತು, ಈಗ ಪಾತ್ರ. ಟೀಚರ್ ಪಾತ್ರದ ಮೇಲೆ ಮೊದಲ ದಿನದಿಂದಲೂ ನನ್ನ ಕಣ್ಣಿತ್ತು. ನಾಟಕದಲ್ಲಿ ಸರ್ಕಾರ ಬದಲಾಗಿದೆ, ಬೀದಿ ತುಂಬ ಸಮವಸ್ತ್ರದವರು. ಟೀಚರ್ ದಿನಾ ಹಾಜರಿ ಕೂಗುತ್ತಾಳೆ. ದೃಶ್ಯದಿಂದ ದೃಶ್ಯಕ್ಕೆ ಮಕ್ಕಳು ಕಡಿಮೆಯಾಗುತ್ತಾರೆ… ಓದುವಾಗಲೇ ಮೈ ಜುಮ್ಮೆಂದಿತ್ತು.

ನನಗೆ ಸಿಕ್ಕಿದ್ದು ಪಕ್ಕದ ಮನೆಯವಳು. ಒಂದು ಮಾತೂ ಇಲ್ಲ. ಟೀಚರ್ ಮೇಲೆ ಮೂಗರ್ಜಿ ಬರೆದು ಪೆಟ್ಟಿಗೆಗೆ ಹಾಕುವುದು, ಎದ್ದು ಹೋಗುವುದು.

ಫೆಬ್ರವರಿ 5

ಗಡ್ಡ ರೇಗಿದ. ಫೈನಲ್ ಇಯರ್‌ನವನು, ಡೈರೆಕ್ಟರ್ ಅಂತ ಗಡ್ಡ ಬಿಟ್ಟಿದ್ದಾನೆ.

"ಏನದು ಕೋಳಿ ಕೆರೆದ ಹಾಗೆ ಗೀಚ್ತೀಯ? ನಿಜವಾಗ್ಲೂ ಬರಿ. ಹೊಟ್ಟೆಕಿಚ್ಚಿಂದ ಬರೀತಿದಾಳೆ ಅವ್ಳು. ನಿನ್ ಮುಖದಲ್ಲಿ ಒಂಚೂರೂ ಕಾಣ್ತಿಲ್ಲ."

ನನ್ನ ಮುಖದಲ್ಲಿ! ನಗು ತಡೆದುಕೊಂಡೆ.

ಪೆಟ್ಟಿಗೆ ಬಂತು. ಪ್ರಿನ್ಸಿಪಾಲ್ ಕೋಣೆಯ ಹೊರಗಿನ ದೂರು ಪೆಟ್ಟಿಗೆಯನ್ನೇ ಎರವಲು ತಂದಿದ್ದಾರೆ. ಶುಕ್ರವಾರ ಸಂಜೆ ವಾಪಸ್, ಶನಿವಾರ ಬೆಳಿಗ್ಗೆ ಅವರು ತೆರೆಯುತ್ತಾರೆ, ಆಮೇಲೆ ಮತ್ತೆ ನಮಗೆ. ಬೀಗದ ಕೈ ಕೊಟ್ಟಿಲ್ಲ. ತಳದ ಹಲಗೆ ಸಡಿಲ, ಅಲ್ಲಿಂದ ನಮ್ಮ ಚೀಟಿ ತೆಗೆಯುವ ಕೆಲಸ ನನ್ನದು.

ಫೆಬ್ರವರಿ 6

ಸ್ಕ್ರಿಪ್ಟಿಗೆ ಆಫೀಸಿನ ಮುದ್ರೆ ಬಿತ್ತು. ಎರಡು ಸಾಲಿಗೆ ಕೆಂಪು ಗೆರೆಯೂ ಬಿತ್ತು. ಕೊನೆಯ ಹಾಜರಿಯಾದ ಮೇಲೆ ಟೀಚರ್ ಹೇಳುವ ಮಾತು: 'ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.'

"ಶೋ ದಿನ ನಾನು ಹೇಳೇ ಹೇಳ್ತೀನಿ," ಅಂದಳು ಪುಟ್ಟಿ. ಎಲ್ಲರೂ ಅವಳನ್ನು ಮುತ್ತಿಕೊಂಡರು. ಧೈರ್ಯವೂ ಅವಳದೇ ಆಯಿತು. ಮನೆಗೆ ಬಂದರೆ ಅಮ್ಮ: "ಅವ್ಳನ್ನ ನೋಡಿ ಕಲ್ತ್ಕೊಳ್ಳೇ." ದಿನವಿಡೀ ಅವಳನ್ನೇ ನೋಡುತ್ತಿದ್ದೇನೆ ತಾಯಿ, ಅದೇ ನನ್ನ ಡ್ಯೂಟಿ.

ಫೆಬ್ರವರಿ 7, ಶುಕ್ರವಾರ

ಗಡ್ಡ ಚಪ್ಪಾಳೆ ತಟ್ಟಿದ. "ಅದೇ! ಅದೇ ಮುಖ!"

ಪೆನ್ನು ತಾನಾಗಿ ಓಡಿತ್ತು. ಪುಟ್ಟಿಯ ಹೆಸರು, ತರಗತಿ, ರೋಲ್ ನಂಬರ್. ಹೊಡೆದುಹಾಕಿದ ಸಾಲನ್ನು ಹೇಳಲಿದ್ದಾಳೆ ಎಂಬುದು. ಕೆಳಗೆ 'ಇಂತಿ, ಹಿತೈಷಿ'. ಬರೆದದ್ದು ನಾಟಕಕ್ಕೆ, ಅಷ್ಟೇ. ನೋಯುತ್ತಿದ್ದ ಹಲ್ಲು ಕಿತ್ತಷ್ಟು ಹಗುರವಾಯಿತು.

ಚೀಟಿ ತೆಗೆಯಲು ಮರೆತೆ.

ಫೆಬ್ರವರಿ 11

ಶನಿವಾರ ಪುಟ್ಟಿಯನ್ನು ಕರೆಸಿದರು. ದೂರು ಬಂದಿದೆಯಂತೆ. ಪತ್ರ ತೋರಿಸಲಿಲ್ಲವಂತೆ. ನಾಟಕದಿಂದ ಹೊರಗೆ. ಕಾಲೇಜಿನಿಂದಲೇ ತೆಗೆಯುವ ಮಾತು, ಗುರುವಾರ ತೀರ್ಮಾನ. "ಸುಳ್ಳಾಗಿದ್ರೆ ಬರೆದವ್ರೇ ಬಂದು ಹೇಳ್ಲಿ," ಅಂದರಂತೆ ಪ್ರಿನ್ಸಿಪಾಲ್.

ಲೈಟಿನವನು ಮೇಕಪ್ಪಿನವಳ ಜೊತೆ ಮಾತು ಬಿಟ್ಟಿದ್ದಾನೆ. ಕ್ಯಾಂಟೀನಿನಲ್ಲಿ ಒಬ್ಬೊಬ್ಬರದು ಒಂದೊಂದು ಟೇಬಲ್.

"ಚೀಟಿ ತೆಗ್ದಿದ್ದೆ ತಾನೆ?" ಗಡ್ಡ ಕೇಳಿದ.

"ತೆಗ್ದಿದ್ದೆ."

"ಟೀಚರ್ ಮಾತೆಲ್ಲ ನಿನಗೆ ಬಾಯಿಪಾಠ. ನೀನೇ ಮಾಡು."

ಖುಷಿಯಾಯಿತು. ಬರೆಯಲು ನಾಚಿಕೆ. ಆದರೂ ಆಯಿತು.

ಫೆಬ್ರವರಿ 12, ಬೆಳಿಗ್ಗೆ

ಪುಟ್ಟಿ ಕಿಟಕಿ ಹತ್ತಿರ ಕೂತು ಟೀಚರ್ ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು. "ನಿನ್ ಭುಜ ಅಗಲ ಅಕ್ಕ, ಬಿಗಿಯಾಗುತ್ತೆ. ಮತ್ತೆ ಆ ಎರಡು ಸಾಲು ಹೇಳೋಕೆ ಹೋಗ್ಬೇಡ. ನಿನಗೂ ತೊಂದ್ರೆ."

ಯಾರ ಮೇಲೆ ಅನುಮಾನ ಎಂದೆ.

"ಯಾರೋ ಏನೋ. ನೀನೊಬ್ಳು ಇದೀಯಲ್ಲ, ಸಾಕು."

ಈಗಲೂ ಹೊಟ್ಟೆ ಉರಿಯಿತು. ಇಷ್ಟು ಒಳ್ಳೆಯವಳಾಗಿರಲು ಇವಳಿಗೇನು ಕೊಬ್ಬು!

ಅದೇ ದಿನ, ಸಂಜೆ 5

ರಿಹರ್ಸಲ್. ಕೋಟು ಸರಿಯಾಗಿ ಕೂತಿತು. ಕೊನೆಯ ಹಾಜರಿ ಕೂಗಿದೆ. ಆ ಸಾಲು ಬಾಯಿಯವರೆಗೆ ಬಂತು… ಹೇಳಲಿಲ್ಲ. ಅದರ ಮುಂದಿನ ಮಾತೂ ಮರೆತೆ. ಪಕ್ಕಕ್ಕೆ ನೋಡಿದೆ. ಸ್ಟೂಲ್ ಖಾಲಿ.

ಏಳನೇ ತಾರೀಖು 'ಮರೆತೆ' ಎಂದು ಬರೆದದ್ದು ಸುಳ್ಳು. ಅಟೆಂಡರ್ ಪೆಟ್ಟಿಗೆ ಎತ್ತಿಕೊಳ್ಳುವಾಗ ಅಲ್ಲೇ ನಿಂತಿದ್ದೆ. "ನಿಮ್ದೆಲ್ಲ ತೆಗೆದ್ರೇನಮ್ಮಾ?" ಎಂದೂ ಕೇಳಿದ. ಹೂಂ ಎಂದು ತಲೆಯಾಡಿಸಿದೆ. ಕಾರಿಡಾರ್ ಉದ್ದಕ್ಕೂ ಅವನು ನಡೆದುಹೋಗುವುದನ್ನು ನೋಡಿದೆ. ಕೂಗಿ ಕರೆಯಬಹುದಿತ್ತು.

ಫೆಬ್ರವರಿ 13, ಗುರುವಾರ, ಬೆಳಿಗ್ಗೆ 8

ಹತ್ತಕ್ಕೆ ಚಿಕ್ಕಪ್ಪ ಬರುತ್ತಾರೆ. ಹತ್ತೂವರೆಗೆ ತೀರ್ಮಾನ. ಪುಟ್ಟಿ ಕಪಾಟಿನ ತನ್ನ ಅರ್ಧ ಖಾಲಿ ಮಾಡಿದ್ದಾಳೆ. ಎರಡು ವರ್ಷ ಆ ಜಾಗಕ್ಕಾಗಿ ಜಗಳವಾಡಿದ್ದೆ. ನನ್ನ ಬಟ್ಟೆ ಹರಡಿ ಇಟ್ಟು ನೋಡಿದೆ. ತುಂಬಲಿಲ್ಲ.

ಈ ಸಲ ಪೆಟ್ಟಿಗೆಗಲ್ಲ. ಕೈಗೇ ಕೊಡಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಪ್ರಿನ್ಸಿಪಾಲರಿಗೆ. ಏಳನೇ ತಾರೀಖಿನ ದೂರು ನಾಟಕದ ಸಾಮಾನು. ಹೊಟ್ಟೆಕಿಚ್ಚಿನಿಂದ ಬರೆದದ್ದು. ಬರೆದವಳು ಹಿತೈಷಿಯಲ್ಲ, ಅವಳ ಅಕ್ಕ. ನನ್ನ ತರಗತಿ, ರೋಲ್ ನಂಬರ್, ಹೆಸರು