ಅವ್ವ ತೊಳೆದಿಟ್ಟ ಹಕ್ಕರಿಕೆ

ಜುಲೈ ೧೪, ಸೋಮವಾರ

ಅವ್ವನ ಮೇಲೆ ರೇಗಬಾರದಿತ್ತು. ಮುಂಬೈನ ಪರೇಲಿನಲ್ಲಿ ಟವರ್ ಏಳಲಿರುವ ಹಳೆಯ ಮಿಲ್ಲಿನ ಬಯಲಲ್ಲಿ ಸಿಕ್ಕ ಹಕ್ಕರಿಕೆ ಸೊಪ್ಪಿನ ಗಿಡವನ್ನು ಸಸ್ಯ ಸಮೀಕ್ಷೆಯವರಿಗೆ ಒಣಗಿಸಿ ಕೊಡಲೆಂದು ಪೇಪರಿನಲ್ಲಿ ಸುತ್ತಿ ತಂದಿದ್ದೆ. ಅವಳು ಅದನ್ನು ತೊಳೆದು ರೊಟ್ಟಿಯ ಪಕ್ಕ ಇಟ್ಟಿದ್ದಳು.

“ಅದು ಪುರಾವೆ, ಅವ್ವ. ಟವರ್ ಕಟ್ಟಿದ ಮ್ಯಾಲ ಅಲ್ಲಿ ಈ ಗಿಡ ಇತ್ತಂದ್ರ ಯಾರು ನಂಬ್ತಾರ?”

“ನಂಬೋದು ಆಮ್ಯಾಲ. ಮೊದಲ ಉಣ್ಣು. ಊರು ಬಿಟ್ಟ ಮ್ಯಾಲ ಇದರ ಮಾರಿ ನೋಡಿಲ್ಲ ನಾ.”

ಒಂದೆಲೆ ಬಾಯಿಗಿಟ್ಟೆ. ಆ ಸಣ್ಣ ಕಹಿಗೆ ಅಜ್ಜಿಯ ಹೊಲದ ಬದು, ಅವಳ ಉಡಿಯ ತುಂಬ ಸೊಪ್ಪು, ಎಲ್ಲ ನೆನಪಾಯಿತು. ಅಭಿವೃದ್ಧಿಯ ಬಗ್ಗೆ ನಾನು ಓದಿದ ಕರಪತ್ರಗಳಲ್ಲಿ ಗಿಡಕ್ಕೆ ರುಚಿಯೇ ಇರಲಿಲ್ಲ. ಪುರಾವೆಯನ್ನು ಪೂರ್ತಿ ತಿಂದೆ.

ನಾಳೆ ಬುಲ್ಡೋಜರ್ ಬರುವ ಮೊದಲು ಇನ್ನೊಂದು ಗಿಡ ಹುಡುಕಬೇಕು. ಅವ್ವನೂ ಬರುತ್ತಾಳಂತೆ. ಸೊಪ್ಪು ತುಂಬಲು ಈಗಲೇ ಚೀಲ ತೆಗೆದಿಟ್ಟಿದ್ದಾಳೆ. ಚೀಲ ಬೇಡ ಅನ್ನಬೇಕು, ಆದರೆ ಆ ಕಹಿ ನನ್ನ ಬಾಯಲ್ಲೂ ಇನ್ನೂ ಇದೆ.