ಹೆಸರು ಹೇಳುವ ಫೋನು

ಆನೆಕೊಂಡ, ದಾವಣಗೆರೆ

ನಯನಾ ಅವರಿಗೆ ಕೊಟ್ಟೂರೇಶನ ನಮಸ್ಕಾರ.

ನೀವು ನಮ್ಮ ಸಣ್ಣ ಕಂಪನಿ ಬಿಟ್ಟು ದೊಡ್ಡ ಕಂಪನಿ ಸೇರಿದ ಮೇಲೆ, ನಾವು ತಯಾರಿಸುವ ಫೋನಿನ ಮಾರಾಟ ಇನ್ನೂ ಇಳಿದಿದೆ. ಬೇರೆಯವರ ಫೋನಿನಂತೆ ಕಾಣಲೆಂದು, ಕರೆ ಮಾಡಿದವರ ಹೆಸರು ಹೇಳುತ್ತಿದ್ದ ನಿಮ್ಮ ದನಿಯನ್ನು ಹೊಸ ಮಾಡೆಲ್‌ನಿಂದ ತೆಗೆದುಬಿಟ್ಟೆ. ಮೊನ್ನೆ ಕೊಂಡಜ್ಜಿ ಊರಿನ ಹಂಪವ್ವ ಬಂದಿದ್ದರು. ಅವರಿಗೆ ಕಣ್ಣು ಕಾಣುವುದಿಲ್ಲ. "ಹೆಸರು ಹೇಳ್ತಿದ್ದ ಹುಡುಗಿ ಯಾಕ ಸುಮ್ಮನಾದ್ಲು? ನನಗಿದು ಬ್ಯಾಡ ತಗೋರಿ" ಎಂದು ಹೊಸ ಫೋನನ್ನು ವಾಪಸ್ ಕೊಟ್ಟು ಹೋದರು.

ನಿಮ್ಮ ದನಿಯನ್ನು ಮತ್ತೆ ಹಾಕಬೇಕೆಂದಿದ್ದೇನೆ. ದಯವಿಟ್ಟು ಒಪ್ಪಿಗೆ ಬರೆದು, ಸಹಿ ಮಾಡಿ ಕಳಿಸಿ. ಆಫೀಸಿನಲ್ಲಿ ಈಗ ನಾನೊಬ್ಬನೇ ಇರುತ್ತೇನೆ. ನನ್ನ ಹಳೇ ಫೋನಿನಲ್ಲಿ ಇನ್ನೂ ನೀವೇ ಮಾತಾಡುತ್ತೀರಿ.

ಉತ್ತರ ಅಂಚೆಯಲ್ಲೇ ಬರಲಿ, ಕರೆ ಮಾಡಬೇಡಿ. "ನಯನಾ ಕರೆ ಮಾಡುತ್ತಿದ್ದಾರೆ" ಎಂದು ನೀವೇ ಹೇಳುವುದನ್ನು ಕೇಳುತ್ತಾ, ಫೋನ್ ಎತ್ತದೆ ಕೂತುಬಿಡುತ್ತೇನೆ.

ಇಂತಿ,
ಕೊಟ್ಟೂರೇಶ್